ಯಾತ್ರೆಗೆ ಯಾವ ಹಂಚು?

ಮನೆವಾರ್ತೆ

ಚಾತುರ್ಮಾಸ ಮುಗಿದು, ಕಾರ್ತಿಕದ ಅಷ್ಟಾಹ್ನಿಕ ಪರ್ವ ಬಂತೆಂದರೆ ನಮ್ಮ ಮನೆಗಳಲ್ಲಿ ಯಾತ್ರೆಯ ಮಾತು ಆರಂಭವಾಗುತ್ತದೆ. ಅಂಗಡಿಯಲ್ಲಿ ದೀಪಾವಳಿಯ ಗಡಿಬಿಡಿ ಇಳಿದಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಕುಂಥಲಗಿರಿ, ಕುಂಭೋಜದ ಬಾಹುಬಲಿ, ಸ್ತವನಿಧಿ ಎಂದು ಕೆಲವರು ಹತ್ತಿರದ ಕ್ಷೇತ್ರಗಳಿಗೆ ಸ್ವಂತ ಗಾಡಿಯಲ್ಲಿ ಹೊರಡುತ್ತಾರೆ. ಮತ್ತೆ ಕೆಲವರು ಶ್ರವಣಬೆಳಗೊಳಕ್ಕೋ ಸಮ್ಮೇದ ಶಿಖರಜಿಗೋ ರೈಲಿನಲ್ಲಿ ಹೋಗುತ್ತಾರೆ. ಹಿಟ್ಟು, ಬೇಳೆ, ತುಪ್ಪ, ನೀರು ಸೋಸುವ ಬಟ್ಟೆ ಎಲ್ಲವನ್ನೂ ಚೀಟಿ ಬರೆದು ಕಟ್ಟುತ್ತೇವೆ. ಹಂಚನ್ನು ಮಾತ್ರ ಕೊನೆಯ ಗಳಿಗೆಯಲ್ಲಿ, ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕುತ್ತೇವೆ.

ಹಂಚು ಎಂದರೆ ಸೋಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರಿಗೆ ಥಟ್ಟನೆ ತಿಳಿಯುತ್ತದೆ. ಕೆಲವರು ತವಾ ಎನ್ನುತ್ತಾರೆ, ಕಾಸರಗೋಡಿನ ಕಡೆಯವರು ಕಾವಲಿ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಯಾತ್ರೆಯಲ್ಲಿ ಎಲ್ಲರೂ ಸೂರ್ಯಾಸ್ತಕ್ಕೆ ಮೊದಲು ಉಣ್ಣುತ್ತಾರೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಪಲ್ಯ, ಸಾರು ಒಮ್ಮೆ ಒಲೆಗೆ ಏರಿಸಿದರೆ ಎಲ್ಲರಿಗೂ ಆಗುತ್ತವೆ. ಚಪಾತಿ, ರೊಟ್ಟಿಗಳನ್ನು ಒಂದೊಂದಾಗಿಯೇ ಬೇಯಿಸಬೇಕು. ಸಮಯ ಹೋಗುವುದು ಅಲ್ಲಿ.

ಆ ಸಮಯದ ಬೆಲೆ ತೆರುವವರು ಯಾರು? ಗಂಡಸರು, ಮಕ್ಕಳು, ಅತಿಥಿಗಳು ಊಟ ಮಾಡಿ ಏಳುವವರೆಗೂ ಹಂಚಿನ ಮುಂದೆ ಕುಳಿತವಳು ಕುಳಿತೇ ಇರುತ್ತಾಳೆ. ಅಷ್ಟರಲ್ಲಿ ಹೊತ್ತು ಮುಳುಗಿದರೆ ರಾತ್ರಿ ಭೋಜನ ತ್ಯಾಗದ ನಿಯಮವಿದ್ದವಳಿಗೆ ಅಂದು ಊಟವಿಲ್ಲ. “ನನಗೇನೂ ಹಸಿವಿಲ್ಲ” ಎಂದು ಹೇಳಿ ಪಾತ್ರೆ ತೊಳೆಯಲು ಹೋಗುತ್ತಾಳೆ. ಇಂಥದ್ದನ್ನು ನಮ್ಮಲ್ಲಿ ನೋಡದವರು ಕಡಿಮೆ. ವ್ರತವೆಂದು ಮಾಡುವ ಉಪವಾಸ ಬೇರೆ; ನಮ್ಮ ಅವ್ಯವಸ್ಥೆಯಿಂದ ಇನ್ನೊಬ್ಬರ ತಲೆಯ ಮೇಲೆ ಬೀಳುವ ಉಪವಾಸ ಬೇರೆ. ಆದ್ದರಿಂದ ಈ ತಿಂಗಳು ಹಂಚಿನ ವಿಚಾರವನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಗಡಿಯಾರ, ಆಮೇಲೆ ಹಂಚು

ವ್ಯಾಪಾರಸ್ಥರ ಮನೆಯವರಿಗೆ ಲೆಕ್ಕ ಕಲಿಸಬೇಕಾಗಿಲ್ಲ. ಹದಿನಾರು ಜನ ಹೊರಟಿದ್ದೀರಿ ಎನ್ನಿ. ತಲೆಗೆ ನಾಲ್ಕರಂತೆ 64 ಚಪಾತಿ. ಹಂಚು ಚೆನ್ನಾಗಿ ಕಾದಿದ್ದರೂ ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೆ 96 ನಿಮಿಷ, ಅಂದರೆ ನಾಲ್ಕು ಗಳಿಗೆ. ಎರಡು ಒಲೆಯ ಮೇಲೆ ಎರಡು ಹಂಚು ಇಟ್ಟರೆ ಅದು 48 ನಿಮಿಷಕ್ಕೆ, ಎರಡು ಗಳಿಗೆಗೆ ಇಳಿಯುತ್ತದೆ.

ಈಗ ಹೊತ್ತಿನ ಲೆಕ್ಕ ನೋಡಿ. ಡಿಸೆಂಬರ್ ಮೊದಲ ವಾರ ಸೋಲಾಪುರದಲ್ಲಿ ಸೂರ್ಯಾಸ್ತ ಸುಮಾರು 5-50ಕ್ಕೆ. ಶಿಖರಜಿ ಪೂರ್ವಕ್ಕಿರುವುದರಿಂದ ಅಲ್ಲಿ ಅದೇ ವಾರ ಸುಮಾರು 5 ಗಂಟೆಗೇ ಸೂರ್ಯ ಮುಳುಗುತ್ತಾನೆ. ಊರಿನ ರೂಢಿಯಲ್ಲಿ ಹೋದವರಿಗೆ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಕೈತಪ್ಪುವುದು ಇಲ್ಲಿಯೇ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಸುವ ನಿಯಮದವರಾದರೆ 4-12ಕ್ಕೆ ಕೈ ತೊಳೆದಿರಬೇಕು. ಬೇಯಿಸಿದವರ ಊಟಕ್ಕೆ ಅರ್ಧ ಗಂಟೆ ಬಿಟ್ಟರೆ ಕೊನೆಯ ಚಪಾತಿ 3-42ಕ್ಕೆ ಇಳಿಯಬೇಕು. ಒಂದೇ ಹಂಚಾದರೆ 2 ಗಂಟೆಗೇ ಹಚ್ಚಬೇಕು. ಎರಡಾದರೆ 3ಕ್ಕೆ ಸ್ವಲ್ಪ ಮೊದಲು ಹಚ್ಚಿದರೂ ನಡೆಯುತ್ತದೆ. ಪರ್ವತ ವಂದನೆಯ ಹಾದಿ ಹತ್ತಿ, ಸುತ್ತಿ, ಇಳಿಯುವುದು ಸೇರಿ ಸುಮಾರು 27 ಕಿಲೋಮೀಟರ್. ಅಷ್ಟು ನಡೆದು ದಣಿದು ಬಂದವರಿಗೆ ಈ ಒಂದು ಗಂಟೆ ದೊಡ್ಡದು.

ಹತ್ತಕ್ಕಿಂತ ಹೆಚ್ಚು ಜನ ಇದ್ದರೆ ಒಂದು ದೊಡ್ಡ ಹಂಚಿನ ಬದಲು ಮಧ್ಯಮ ಅಳತೆಯ ಎರಡನ್ನು ಒಯ್ಯಿರಿ ಎಂಬುದು ನಮ್ಮ ಮೊದಲ ಸಲಹೆ. ಇಬ್ಬರು ಕುಳಿತು ಬೇಯಿಸಬಹುದು, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಯಾವ ಲೋಹ?

ಅಂಗಡಿಯಲ್ಲಿ ನಾಲ್ಕು ಬಗೆ ಸಿಗುತ್ತವೆ. ಇಪ್ಪತ್ತೈದು ಸೆಂಟಿಮೀಟರ್, ಅಂದರೆ ಸುಮಾರು ಹತ್ತಿಂಚು ಅಗಲದ ಹಂಚನ್ನೇ ಹಿಡಿದು ಹೋಲಿಸೋಣ.

ಅಲ್ಯುಮಿನಿಯಂ ಅಥವಾ ಹಿಂಡಾಲಿಯಂ ಹಂಚು ನಾಲ್ಕು ಮಿಲಿಮೀಟರ್ ದಪ್ಪವಿದ್ದರೂ ಅರ್ಧ ಕಿಲೋಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ. ಹೊರಲು ಹಗುರ, ಬೇಗ ಕಾಯುತ್ತದೆ. ಆದರೆ ಬಯಲಿನ ಗಾಳಿಗೆ ಅಷ್ಟೇ ಬೇಗ ಆರುತ್ತದೆ. ಚಪಾತಿಗೆ ಸಾಗುತ್ತದೆ, ಜೋಳದ ರೊಟ್ಟಿಗೆ ಸಾಲದು.

ಅಂಟದ ಲೇಪನದ ನಾನ್‌ಸ್ಟಿಕ್ ಹಂಚು ಮನೆಯ ಗ್ಯಾಸಿನ ಹದವಾದ ಉರಿಗೆ ಸರಿ. ಬಯಲಿನಲ್ಲಿ ಉರಿ ಒಂದೇ ಸಮನೆ ಇರುವುದಿಲ್ಲ. ಬರಿ ಹಂಚು ವಿಪರೀತ ಕಾದು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪನ ಕೆಡಲು ಆರಂಭಿಸುತ್ತದೆ. ಚೀಲದಲ್ಲಿ ಇಕ್ಕಳ, ಚಮಚಗಳ ಜೊತೆ ಉಜ್ಜಿಕೊಂಡು ಗೀರು ಬೀಳುವುದು ಬೇರೆ. ಯಾತ್ರೆಗೆ ಇದು ಬೇಡ.

ಬೀಡಿನ ಹಂಚು, ಅಂದರೆ ಎರಕದ ಕಬ್ಬಿಣದ್ದು, ನಾಲ್ಕೂವರೆ ಮಿಲಿಮೀಟರ್ ದಪ್ಪವಿದ್ದರೆ ಹಿಡಿಕೆ ಬಿಟ್ಟೇ ಒಂದೂವರೆ ಕಿಲೋ ದಾಟುತ್ತದೆ. ಕಾಯಲು ತಡ, ಆದರೆ ಒಮ್ಮೆ ಕಾದರೆ ಬಿಸಿ ಹಿಡಿದುಕೊಂಡಿರುತ್ತದೆ. ಜೋಳದ ರೊಟ್ಟಿ, ಧಪಾಟಿಗೆ ಇದರಷ್ಟು ಚೆನ್ನಾದದ್ದಿಲ್ಲ. ಇದರ ದೋಷವೆಂದರೆ ಕಲ್ಲಿನ ಮೇಲೆ ಬಿದ್ದರೆ, ಇಲ್ಲವೇ ಕೆಂಪಗೆ ಕಾದಾಗ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಸ್ವಂತ ಗಾಡಿಯಲ್ಲಿ ಹೋಗುವವರಿಗೆ ಒಳ್ಳೆಯದು.

ಕಬ್ಬಿಣದ ತಗಡಿನ ಹಂಚು ಮೂರು ಮಿಲಿಮೀಟರ್ ದಪ್ಪದ್ದಾದರೆ ಒಂದು ಕಿಲೋ ಚಿಲ್ಲರೆ ತೂಗುತ್ತದೆ. ಬಿದ್ದರೆ ಒಡೆಯುವುದಿಲ್ಲ, ಬೀಡಿಗಿಂತ ಬೇಗ ಕಾಯುತ್ತದೆ, ಅಲ್ಯುಮಿನಿಯಂಗಿಂತ ನಿಧಾನವಾಗಿ ಆರುತ್ತದೆ. ರೈಲು, ಬಸ್ಸುಗಳಲ್ಲಿ ಹೋಗುವವರಿಗೆ ನಾವು ಸೂಚಿಸುವುದು ಇದನ್ನೇ. ಎರಡು ಮಿಲಿಮೀಟರಿಗಿಂತ ತೆಳುವಾದದ್ದು ಮಾತ್ರ ಬೇಡ. ಉರಿ ತಾಗಿದ ಕಡೆ ಡೊಂಕಾಗುತ್ತದೆ, ನಡುವೆ ರೊಟ್ಟಿ ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ.

ಕೊಳ್ಳುವಾಗ ಹಂಚನ್ನು ಸಮತಟ್ಟಾದ ಕಲ್ಲಿನ ಮೇಲೆ ಬೋರಲು ಹಾಕಿ, ಅಲುಗಾಡುತ್ತದೆಯೇ ನೋಡಿ. ಬೀಡಿನದ್ದಾದರೆ ಬೆರಳಗಂಟಿನಿಂದ ಬಡಿದು ನೋಡಿ. ಸರಿಯಿದ್ದರೆ ಗಂಟೆಯಂತೆ ನಾದ ಬರುತ್ತದೆ, ಬಿರುಕಿದ್ದರೆ ಬೊದ್ದು ಸದ್ದು. ಉದ್ದನೆಯ ಹಿಡಿಕೆ ಚೀಲದಲ್ಲಿ ಕೂರುವುದಿಲ್ಲ, ಸಣ್ಣ ಒಲೆಯ ಮೇಲೆ ಭಾರ ಒಂದು ಕಡೆಗೆ ಎಳೆದು ಹಂಚು ಮಗುಚುತ್ತದೆ. ಎರಡು ಕಡೆ ಕಿವಿಯಿರುವುದು ಉತ್ತಮ. ಇಕ್ಕಳ ಮರೆಯಬೇಡಿ.

ಒಂದು ಮಾತು. ಕ್ಷೇತ್ರದ ಹತ್ತಿರ ಬಾಡಿಗೆಗೆ ಸಿಗುವ ಹಂಚಿನ ಮೇಲೆ ಮೊದಲು ಏನು ಬೆಂದಿತ್ತೋ ನಮಗೆ ತಿಳಿಯದು. ಶುದ್ಧ ಆಹಾರದ ನಿಯಮವಿದ್ದವರು ಯಾತ್ರೆಗೆಂದೇ ಒಂದು ಹಂಚು ಬೇರೆ ಇಟ್ಟುಕೊಳ್ಳುವುದು ಮೇಲು.

ಹಂಚು ಜೊತೆಗಿರಲಿ, ಬೆಂಕಿ ಅಲ್ಲಿಯೇ ಸಿಗಲಿ

ಇದನ್ನು ದಯವಿಟ್ಟು ಎರಡು ಸಲ ಓದಿ. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೆ ರೈಲು ನಿಲ್ದಾಣದ ಬಳಿ ನಿಲ್ಲಿಸಿದ್ದ ಒಂದು ಯಾತ್ರಿಕರ ಬೋಗಿಗೆ ಬೆಂಕಿ ಬಿತ್ತು. ಲಖನೌದಿಂದ ರಾಮೇಶ್ವರಕ್ಕೆ ಹೊರಟಿದ್ದವರು ಅವರು. ನಿಯಮ ಮೀರಿ ಒಳಗೆ ತಂದಿದ್ದ ಅನಿಲದ ಸಿಲಿಂಡರಿನಿಂದ ಒಲೆ ಹಚ್ಚಿದ್ದೇ ಕಾರಣವೆಂದು ರೈಲ್ವೆ ತಿಳಿಸಿತು. ಒಂಬತ್ತು ಜನ ತೀರಿಕೊಂಡರು. ಅವರೂ ನಮ್ಮಂತೆಯೇ ಮನೆಯ ಅಡುಗೆಯನ್ನು ಬಯಸಿ, ದೇವರ ದರ್ಶನಕ್ಕೆ ಹೊರಟವರು.

ರೈಲಿನಲ್ಲಿ ಸಿಲಿಂಡರ್, ಸೀಮೆಎಣ್ಣೆ, ಪೆಟ್ರೋಲ್ ಒಯ್ಯುವುದು ನಿಷಿದ್ಧ. 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನಂತೆ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಶಿಕ್ಷೆಯ ಭಯಕ್ಕಿಂತ ಪಕ್ಕದ ಸೀಟಿನ ಜೀವದ ಚಿಂತೆ ನಮಗೆ ದೊಡ್ಡದಾಗಬೇಕು. ರೈಲಿನ ಹೊತ್ತಿಗೆ ಮನೆಯಿಂದಲೇ ಕಟ್ಟಿಕೊಂಡು ಹೋಗೋಣ, ಒಲೆಯನ್ನು ಇಳಿದ ಮೇಲೆ ಹಚ್ಚೋಣ.

ಇಳಿದಲ್ಲಿ ಮೂರು ದಾರಿಗಳಿವೆ. ಧರ್ಮಶಾಲೆಯಲ್ಲಿ ಅಡುಗೆ ಮನೆ ಇದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳುವುದು ಮೊದಲನೆಯದು. ಅನಿಲ ಕಂಪನಿಗಳ 5 ಕಿಲೋದ ಸಣ್ಣ ಸಿಲಿಂಡರನ್ನು ಅಲ್ಲಿಯೇ ಪಡೆಯುವುದು ಎರಡನೆಯದು. ಇದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಒಂದು ಒಲೆಗೆ ಗಂಟೆಗೆ 150ರಿಂದ 200 ಗ್ರಾಂ ಅನಿಲ ಹಿಡಿದರೂ 25 ಗಂಟೆ ಉರಿಯುತ್ತದೆ. ಬೀದಿ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಕೊಡುವವರ ಹತ್ತಿರ ಮಾತ್ರ ಹೋಗಬಾರದು. ಮೂರನೆಯದು ಇಂಡಕ್ಷನ್ ಒಲೆ. ತಳ ಸಮತಟ್ಟಾದ ಕಬ್ಬಿಣದ ಹಂಚು ಅದರ ಮೇಲೆ ಕಾಯುತ್ತದೆ, ಬರಿ ಅಲ್ಯುಮಿನಿಯಂ ಕಾಯುವುದಿಲ್ಲ. 2000 ವ್ಯಾಟಿನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನಿನ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ತಂತಿ ಸುಡುತ್ತದೆ. ವ್ಯವಸ್ಥಾಪಕರನ್ನು ಕೇಳಿ, ದೊಡ್ಡ ಪ್ಲಗ್ಗಿಗೇ ಹಾಕಬೇಕು.

ಈಗ ಪಕ್ಕದಲ್ಲೇ ಅನಿಲದ ಡಬ್ಬಿ ಕೂರಿಸುವ, ಪೆಟ್ಟಿಗೆಯಂಥ ಸಣ್ಣ ಒಲೆಗಳೂ ಬಂದಿವೆ. ಅವುಗಳ ಮೇಲೆ ಅಗಲವಾದ ಹಂಚು ಇಟ್ಟರೆ ಕಾವು ಕೆಳಗೆ ಹೊಡೆದು ಡಬ್ಬಿ ಕಾದು ಸಿಡಿಯುವ ಅಪಾಯವಿದೆ. ಹಂಚು ಒಲೆಯ ಉರಿಯ ಭಾಗವನ್ನಷ್ಟೇ ಮುಚ್ಚಬೇಕು, ಡಬ್ಬಿಯ ಮೇಲಕ್ಕೆ ಚಾಚಬಾರದು. ಗಾಳಿಗೆ ಮರೆ ಕಟ್ಟುವಾಗಲೂ ಸಿಲಿಂಡರನ್ನು ಮರೆಯ ಹೊರಗೇ ಇಡಿ. ಅಡುಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ನೆಲದ ಮೇಲೆ ಒಲೆ ಹಚ್ಚುವ ಮೊದಲು ಬಾಗಿಲು ತೆರೆಯಿರಿ, ವಾಸನೆ ನೋಡಿ.

ಬಯಲಿನಲ್ಲಿ ಜೀವದಯೆ

ಮನೆಯ ಕಟ್ಟೆಯ ಮೇಲೆ ಬೇಯಿಸುವುದಕ್ಕೂ ಮಣ್ಣಿನ ಮೇಲೆ ಬೇಯಿಸುವುದಕ್ಕೂ ವ್ಯತ್ಯಾಸವಿದೆ. ಒಲೆ ಇಡುವ ಜಾಗದಲ್ಲಿ ಇರುವೆಯ ಗೂಡು ಇದೆಯೇ ನೋಡಿ, ಮೆತ್ತನೆಯ ಕಸಬರಿಗೆಯಿಂದ ಗುಡಿಸಿ, ಹುಲ್ಲಿಲ್ಲದ ನೆಲದಲ್ಲಿ ಹೂಡಿ. ಕಾಲಿರುವ ಎತ್ತರದ ಒಲೆಯಾದರೆ ನೆಲಕ್ಕೆ ಕಾವು ತಗಲುವುದಿಲ್ಲ. ಕಟ್ಟಿಗೆ ಉರಿಸುವುದೇ ಆದರೆ ಪೊಳ್ಳಾದ, ಗೆದ್ದಲು ಹಿಡಿದ ಕಟ್ಟಿಗೆ ಬೇಡ. ಸೀಳಿ, ಕೊಡವಿ, ನೋಡಿ ಹಚ್ಚಬೇಕು. ಕುದಿಯುವ ನೀರನ್ನು ಹುಲ್ಲಿನ ಮೇಲೆ ಚೆಲ್ಲಬಾರದು. ಮುಸ್ಸಂಜೆಯಾದರೆ ಉರಿಗೆ ಪತಂಗಗಳು ಬಂದು ಬೀಳುತ್ತವೆ. ಹೊತ್ತಿಗೆ ಮೊದಲೇ ಒಲೆ ಆರಿಸಿದರೆ ನಮ್ಮ ನಿಯಮವೂ ಉಳಿಯಿತು, ಅವುಗಳ ಜೀವವೂ ಉಳಿಯಿತು.

ಹಿಟ್ಟಿನ ಮರ್ಯಾದೆಯ ಲೆಕ್ಕವೂ ನೆನಪಿರಲಿ: ಮಳೆಗಾಲಕ್ಕೆ 3 ದಿನ, ಬೇಸಿಗೆಗೆ 5, ಚಳಿಗಾಲಕ್ಕೆ 7. ಎಂಟು ಹತ್ತು ದಿನದ ಯಾತ್ರೆಗೆ ಒಂದೇ ಸಲ ಬೀಸಿಕೊಂಡು ಹೋಗುವಂತಿಲ್ಲ. ಗೋಧಿಯನ್ನು ಹಸನು ಮಾಡಿ ಒಯ್ದು, ನಡುವೆ ಬೀಸಿಸಿಕೊಳ್ಳುವ ವ್ಯವಸ್ಥೆ ನೋಡಿಕೊಳ್ಳಿ.

ಹದ ಮತ್ತು ಜೋಪಾನ

ಹೊಸ ಕಬ್ಬಿಣದ ಹಂಚನ್ನು ಯಾತ್ರೆಯ ಹಿಂದಿನ ದಿನ ತರಬೇಡಿ, ಎರಡು ವಾರ ಮೊದಲೇ ತನ್ನಿ. ಚೆನ್ನಾಗಿ ತಿಕ್ಕಿ ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ ಆರಿಸಬೇಕು. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಹಂಚು ಕಪ್ಪಾಗಿ ಹದಕ್ಕೆ ಬರುತ್ತದೆ. ಈರುಳ್ಳಿ ಹೋಳಿನಿಂದ ಉಜ್ಜಿ ಎಂದು ಅಂಗಡಿಯವರು ಹೇಳುತ್ತಾರೆ. ನಮಗೆ ಅದು ಬೇಡ. ಕಡ್ಡಿಗೆ ಸುತ್ತಿದ ಹತ್ತಿ ಬಟ್ಟೆಯಿಂದ ಎಣ್ಣೆ ಸವರಿದರೆ ಅಷ್ಟೇ ಕೆಲಸವಾಗುತ್ತದೆ. ಮರಳಿ ಬಂದ ಮೇಲೆ ಒಣಗಿಸಿ, ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿಡಿ. ವಯನಾಡು, ಕಾಸರಗೋಡಿನಂಥ ಮಳೆನಾಡಿನಲ್ಲಿರುವವರು ತಿಂಗಳಿಗೊಮ್ಮೆ ತೆಗೆದು ನೋಡಿದರೆ ತುಕ್ಕು ಹತ್ತುವುದಿಲ್ಲ.

ಕೊನೆಗೆ ಯಾತ್ರೆಯ ಯಜಮಾನಿಕೆ ವಹಿಸುವ ಅಣ್ಣಂದಿರಲ್ಲಿ ಒಂದು ವಿನಂತಿ. ಹಂಚು ಎರಡಾದರೆ ಸಾಲದು, ಕೈಗಳೂ ಹೆಚ್ಚಾಗಬೇಕು. ಅಂಗಡಿಯ ಗಲ್ಲೆಯ ಮೇಲೆ ಸರದಿ ಹಾಕಿಕೊಂಡು ಕುಳಿತುಕೊಳ್ಳುವ ನಾವು ಹಂಚಿನ ಮುಂದೆಯೂ ಸರದಿ ಹಾಕಿಕೊಳ್ಳಬಹುದು. ಲಟ್ಟಿಸಲು ಬಾರದಿದ್ದರೆ ಮಗುಚಲು ಬರುತ್ತದೆ, ಬಡಿಸಲು ಬರುತ್ತದೆ. ಮೊದಲ ಪಂಕ್ತಿಯಲ್ಲಿ ಬೇಯಿಸಿದವರಲ್ಲಿ ಇಬ್ಬರಾದರೂ ಕುಳಿತಿದ್ದಾರೆಯೇ ಎಂದು ನೋಡಿ, ಆಮೇಲೆ ನೀವು ತಟ್ಟೆಗೆ ಕೈ ಹಾಕಿ. ಸಂಘದ ಯಾತ್ರೆ ಸುಖವಾಗುವುದು ಕೊನೆಯ ತಟ್ಟೆಯೂ ಹೊತ್ತು ಮುಳುಗುವ ಮೊದಲು ಖಾಲಿಯಾದಾಗ.

ಎಲ್ಲರ ಯಾತ್ರೆ ನಿರ್ವಿಘ್ನವಾಗಲಿ. ಜೈ ಜಿನೇಂದ್ರ.