ಕೇಳುಗನಿಗೆ ಉತ್ತರಿಸಬೇಕಾದ ದನಿ

ದಿನದ 24 ಗಂಟೆಯೂ ಕ್ರೀಡೆಗೇ ಮೀಸಲಾದ ಬಾನುಲಿ ಕೇಂದ್ರವೊಂದು ಬಾಳೀತೇ? 1987ರ ಜುಲೈನಲ್ಲಿ ನ್ಯೂಯಾರ್ಕ್‌ನ ಡಬ್ಲ್ಯುಎಫ್‌ಎಎನ್ ಪ್ರಸಾರ ಆರಂಭಿಸಿದಾಗ ಅನುಮಾನಿಸಿದವರೇ ಹೆಚ್ಚು. ಆ ಅನುಮಾನವನ್ನು ಸುಳ್ಳಾಗಿಸಿದವರಲ್ಲಿ ಮೈಕ್ ಫ್ರಾನ್ಸೆಸಾ ಪ್ರಮುಖರು. ಸಿಬಿಎಸ್ ಟೆಲಿವಿಷನ್ ಜಾಲದ ತೆರೆಮರೆಯಲ್ಲಿ ಮಾಹಿತಿ ಕಲೆಹಾಕುತ್ತಿದ್ದ ಅವರು 1989ರಲ್ಲಿ ಕ್ರಿಸ್ ರುಸೊ ಅವರೊಡಗೂಡಿ ಆರಂಭಿಸಿದ ಅಪರಾಹ್ನದ ಚರ್ಚಾ ಕಾರ್ಯಕ್ರಮ 2008ರವರೆಗೆ ನಡೆಯಿತು. ರುಸೊ ಉಪಗ್ರಹ ರೇಡಿಯೊಗೆ ತೆರಳಿದ ಬಳಿಕ 2017ರ ಅಂತ್ಯದವರೆಗೆ ಫ್ರಾನ್ಸೆಸಾ ಒಬ್ಬರೇ ಅದೇ ಹೊತ್ತಿಗೆ ಮಾತನಾಡಿದರು.

ಅವರದು ಮಧುರ ಕಂಠವಲ್ಲ. ವಿನಯಕ್ಕೂ ಅವರು ಹೆಸರಾದವರಲ್ಲ. ಅವರ ಬಲವಿದ್ದುದು ದೂರವಾಣಿಯಲ್ಲಿ. ಹಿಂದಿನ ರಾತ್ರಿ ಯಾಂಕೀಸ್ ತಂಡ ಸೋತಿದ್ದರೆ, ಮರುದಿನ ಊರಿನ ಯಾವ ಅಭಿಮಾನಿಯೂ ಕರೆ ಮಾಡಿ ವಾದಕ್ಕಿಳಿಯಬಹುದಿತ್ತು. ನಿನ್ನೆ ಆಡಿದ ಮಾತನ್ನು ಇಂದು ಅದೇ ಊರಿನವರ ಮುಂದೆ ಸಮರ್ಥಿಸಿಕೊಳ್ಳಲೇಬೇಕಾದ ಈ ಅನಿವಾರ್ಯವೇ ಸ್ಥಳೀಯ ನಿರೂಪಕನ ಅಧಿಕಾರಕ್ಕೆ ಆಧಾರವೂ ಹೌದು, ಅಂಕುಶವೂ ಹೌದು.

ಮುಂದಿನ ಅಧ್ಯಾಯ ಬೇರೆಯೇ ಆಯಿತು. ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರೀಯ ನಿರ್ಬಂಧವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ರದ್ದುಪಡಿಸಿತು. ಅದೇ ವರ್ಷ ಬಾನುಲಿಗೆ ಮರಳಿದ ಫ್ರಾನ್ಸೆಸಾ, ಚಂದಾ ಆಧಾರಿತ ಆ್ಯಪ್ ಒಂದನ್ನೂ ಆರಂಭಿಸಿದರು. 2022ರಲ್ಲಿ ಅವರ ಪಾಡ್‌ಕಾಸ್ಟ್ ಬೆಟ್ಟಿಂಗ್ ಸಂಸ್ಥೆಯೊಂದರ ಜಾಲದಲ್ಲಿ ಕಾಣಿಸಿಕೊಂಡಿತು. ಬಾನುಲಿಗೆ ಹಿಂದೆಯೂ ಜಾಹೀರಾತೇ ಜೀವಾಳ, ನಿಜ. ಆದರೆ ಕಾರು ಮಾರುವವನಿಗೆ ಯಾರು ಗೆದ್ದರೇನು? ಪಣ ಕಟ್ಟಿಸಿಕೊಳ್ಳುವವನಿಗೆ ಪಂದ್ಯದ ಕುರಿತ ಪ್ರತಿಯೊಂದು ಊಹೆಯೂ ವ್ಯಾಪಾರವೇ. ಪ್ರಶ್ನೆ ಕೇಳುತ್ತಿದ್ದ ಅಭಿಮಾನಿ ಅಲ್ಲಿ ಬರಿಯ ಗಿರಾಕಿಯಾಗುವ ಅಪಾಯವಿದೆ.

ಖಾಸಗಿ ಎಫ್‌ಎಂ ದೇಶದಲ್ಲಿ ಮೊದಲು ಕಣ್ತೆರೆದದ್ದು 2001ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲವೆಂದ 2011ರ ಕೇಂದ್ರ ನೀತಿಯೇ ಕ್ರೀಡಾ ಮಾಹಿತಿಯನ್ನು ಆ ನಿಷೇಧದಿಂದ ಹೊರಗಿಟ್ಟಿತು. ಸ್ಥಳೀಯ ಪಂದ್ಯಗಳ ನೇರ ವಿವರಣೆಗೂ ಅವಕಾಶವಿತ್ತಿತು. ಆದರೂ ಚಲನಚಿತ್ರಗೀತೆಗಳ ನಡುವೆ ಕ್ರೀಡೆಯ ಗಂಭೀರ ಚರ್ಚೆ ಅಪರೂಪವೇ ಆಗಿ ಉಳಿಯಿತು. ಕೊರತೆಯಿರುವುದು ಅನುಮತಿಯದಲ್ಲ, ಒಬ್ಬ ನಿರೂಪಕನನ್ನು ವರ್ಷಗಟ್ಟಲೆ ಬೆಳೆಸುವ ತಾಳ್ಮೆಯದು.

ಇದು ಕೇವಲ ಮನರಂಜನೆಯ ಮಾತಲ್ಲ. 2025ರ ಜೂನ್ 4ರಂದು ಐಪಿಎಲ್ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಆಡಳಿತಗಾರರನ್ನು, ಕ್ರೀಡಾ ಸಂಸ್ಥೆಗಳನ್ನು ಸಾಮಾನ್ಯ ಅಭಿಮಾನಿ ದಿನನಿತ್ಯ ಪ್ರಶ್ನಿಸಬಲ್ಲ ಬಾನುಲಿ ಪೀಠವೊಂದು ಇಂತಹ ದುರಂತವನ್ನು ತಡೆಯುತ್ತಿತ್ತೆಂದು ಹೇಳಲಾಗದು. ಆದರೆ ದುರಂತದ ಪ್ರಶ್ನೆಗಳು ಕೆಲವೇ ದಿನಗಳಲ್ಲಿ ಮರೆಗೆ ಸರಿಯದಂತೆ ಅದು ನೋಡಿಕೊಳ್ಳಬಲ್ಲದು. ಗೆಲುವಿನ ಸಂಭ್ರಮಕ್ಕೆ ನಮ್ಮಲ್ಲಿ ವೇದಿಕೆಗಳು ಬೇಕಾದಷ್ಟಿವೆ. ಮರುದಿನದ ಪ್ರಶ್ನೆಗೂ ಒಂದು ವೇದಿಕೆ ಬೇಕು.