ಚಿಂದಿಗೆ ಬೆಲೆ ಬಂತು, ಹೊಲಿಯುವ ಕೈಗೆ ಎಂದು?

ಸಂಜೆ ಏಳರ ಹೊತ್ತಿಗೆ ಪೇಟೆಯ ದರ್ಜಿ ಅಂಗಡಿಗಳ ಸಾಲಿನಲ್ಲಿ ಒಮ್ಮೆ ನಡೆದು ನೋಡಬೇಕು. ಮಿಶಿನ್ನಿನ ಸದ್ದು ನಿಲ್ಲುತ್ತಲೇ ಕಸಬರಿಗೆಯ ಸದ್ದು ಶುರು. ಅಂಗೈಯಗಲದ ತುಂಡು, ಬೆರಳಗಲದ ಪಟ್ಟಿ, ಜಂಪರಿನ ತೋಳು ಕತ್ತರಿಸಿ ಉಳಿದದ್ದು, ಪ್ಯಾಂಟಿನ ಕಾಲು ಮೊಟಕು ಮಾಡಿದ್ದು, ಎಲ್ಲವೂ ಹೊಸ್ತಿಲು ದಾಟಿ ಗಟಾರು ಸೇರುತ್ತವೆ. ಗಟಾರಿಗೆ ಬೀಳದೆ ಉಳಿದದ್ದಕ್ಕೆ ಕಡ್ಡಿ ಗೀರುವವರೂ ಉಂಟು. ಬಸ್ಸಿಗೆ ಕಾದು ನಿಂತವರು ಆ ಹೊಗೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ಮಳೆ ಬಂದ ದಿನ ಅದೇ ಚಿಂದಿ ಮೋರಿಯ ಬಾಯಿ ಕಟ್ಟಿ ಅಂಗಡಿಯೊಳಗೆ ನೀರು ನುಗ್ಗಿತೆಂದರೆ ಬೈಗುಳವೆಲ್ಲ ನಗರಸಭೆಗೆ!

ನಗರಸಭೆಯನ್ನು ಬೈಯಲು ಕಾರಣಗಳಿಗೇನೂ ಬರವಿಲ್ಲ. ಆದರೆ ಈ ವಿಷಯದಲ್ಲಿ ತಪ್ಪೆಲ್ಲ ಅಲ್ಲಿನದೇ ಅಲ್ಲ. ಚಿಂದಿಯನ್ನು ಕಸ ಎನ್ನಲು ಜನ ಕಲಿತದ್ದು ತೀರ ಈಚೆಗೆ.

ಅಜ್ಜಿಯ ಲೆಕ್ಕ

ಧಾರವಾಡ, ಗದಗ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಸೀರೆ ಹರಿಯಿತೆಂದರೆ ಅದರ ಕೆಲಸ ಮುಗಿಯಿತು ಎಂದಲ್ಲ. ಇಳಕಲ್ ಸೀರೆಯ ಒಡಲು ಸವೆದರೂ ಅಂಚು ಗಟ್ಟಿಯಾಗಿರುತ್ತದೆ. ಅಂಚು ಕೌದಿಯ ಸುತ್ತುಪಟ್ಟಿಗೆ, ಒಡಲು ಒಳಪದರಕ್ಕೆ. ಸವೆದ ಧೋತರವೂ ಅದರೊಳಗೇ. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದು ಉಳಿದ ತುಂಡು ಕೂಸಿನ ಕುಂಚಿಗೆಗೆ. ಬೇಸಿಗೆಯಲ್ಲಿ ಹೊಲದ ಕೆಲಸ ಕಮ್ಮಿಯಾದಾಗ ಪಡಸಾಲೆಯಲ್ಲಿ ಬಟ್ಟೆ ಹಾಸಿ, ಸೂಜಿ-ದಾರ ಹಿಡಿದು ಕೂತರೆ ಮಾತೂ ಆಯಿತು, ಕೌದಿಯೂ ಆಯಿತು. ‘ಇದು ನಿಮ್ಮಪ್ಪನ ಅಂಗಿ, ಇದು ನಿನ್ನ ಸಾಲಿಗೆ ಹೋಗೋ ಚಡ್ಡಿ’ ಎಂದು ಬೆರಳಿಟ್ಟು ತೋರಿಸಿದರೆ ಮನೆತನದ ಚರಿತ್ರೆಯೇ ಕೈಗೆ ಸಿಕ್ಕಂತೆ.

ಕೆಲವು ಮನೆಗಳಲ್ಲಿ ಕೌದಿಯ ಕೊನೆಯ ಹೊಲಿಗೆ ಮುಚ್ಚುವ ಮೊದಲು ರೊಟ್ಟಿ ಇಲ್ಲವೆ ಚಪಾತಿಯ ಚೂರೊಂದನ್ನು ಒಳಗಿಡುವ ಪದ್ಧತಿಯಿದೆ. ಕೌದಿ ಹಸಿದಿರಬಾರದು ಅನ್ನುವ ನಂಬಿಕೆ. ಹೊದೆಯುವ ಬಟ್ಟೆಯ ಹೊಟ್ಟೆಯನ್ನೇ ನೆನೆದ ಜನ, ಅದನ್ನು ಹೊಲಿದು ಕೊಡುವವಳ ಹೊಟ್ಟೆಯನ್ನು ಮರೆತರಲ್ಲ!

ನ್ಯೂಯಾರ್ಕಿನವರೆಗೆ ಹೋದ ಚಿಂದಿ

ಇದೇನು ಬಡವರ ಪಾಡು ಎಂದು ಮೂಗು ಮುರಿಯುವವರು ಹುಬ್ಬಳ್ಳಿಯಿಂದ ಯಲ್ಲಾಪುರದ ಬಸ್ಸು ಹತ್ತಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಆಫ್ರಿಕದಿಂದ ಬಂದವರ ಸಂತತಿ ಇವರು. ಇವರು ಹೊಲಿಗೆ ಶುರು ಮಾಡುವುದು ಅಂಚಿನಿಂದ. ಒಂದು ಮೂಲೆ ಹಿಡಿದು ತುಂಡಿಗೆ ತುಂಡು ಜೋಡಿಸುತ್ತ, ಸುತ್ತು ಬರುತ್ತ ಬರುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ಪುಟ್ಟ ‘ಹೂ’ ಇಡುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಇದ್ದಂತೆ ಎಂಬುದು ಅವರ ಮಾತು. ಈ ಕವಂದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಗೋಡೆಗೆ ತೂಗುಹಾಕಿ ಪ್ರದರ್ಶಿಸಿದರು. ಇಲ್ಲಿ ಗಟಾರಿಗೆ ಬೀಳುವಂಥದೇ ಚಿಂದಿ ಅಲ್ಲಿ ದೀಪದ ಬೆಳಕಿನಲ್ಲಿ!

ಚೌಕಾಸಿ ಯಾರ ಮೇಲೆ?

ಬೆಂಗಳೂರಿನ ಬಣ್ಣದ ಅಂಗಡಿಗಳಲ್ಲಿ ಈಗ ಚಿಂದಿ ಜೋಡಿಸಿದ ದಿಂಬು, ಚೀಲ, ಹೊದಿಕೆಗಳಿಗೆ ಬೇಡಿಕೆಯಿದೆ. ಅಲ್ಲಿ ತೂಗುಹಾಕಿದ ಚೀಟಿಯ ಮೇಲಿನ ಬೆಲೆ ನೋಡಿ ಯಾರೂ ತುಟಿ ಬಿಚ್ಚುವುದಿಲ್ಲ. ಅದೇ ಮಂದಿಯ ಮನೆ ಬಾಗಿಲಿಗೆ ಕೌದಿ ಹೊಲಿಯುವವಳು ಬಂದರೆ ಮಾತೇ ಬೇರೆ. ‘ಬಟ್ಟಿ ನಮ್ದು, ಹಳೇದು. ಬರೇ ಹೊಲಿಯಾಕ ಇಷ್ಟ್ಯಾಕ ಕೊಡ್ಬೇಕವಾ?’

ಬರೀ ಹೊಲಿಯಲಿಕ್ಕೆ! ಲೆಕ್ಕ ಹಾಕಿ ನೋಡಿ. ಒಂದು ದೊಡ್ಡ ಕೌದಿಗೆ ಹತ್ತು ದಿನ ಹಿಡಿಯಿತೆನ್ನಿ. ದಿನಕ್ಕೆ 400 ರೂಪಾಯಿ ಎಂದು ಹಿಡಿದರೂ 4,000 ರೂಪಾಯಿ ಆಯಿತು. ಗಾರೆ ಕೆಲಸದವನಿಗೆ 400 ಕೊಡುತ್ತೇನೆಂದರೆ ಅವನು ತಿರುಗಿಯೂ ನೋಡಲಾರ. ಬೆನ್ನು ಬಾಗಿಸಿ, ಕಣ್ಣು ಸವೆಸಿ ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕುವವಳು ಮಾತ್ರ ಅದರ ಕಾಲುಭಾಗಕ್ಕೆ ಒಪ್ಪಬೇಕು. ಒಪ್ಪದಿದ್ದರೆ ‘ಅಂಗಡ್ಯಾಗ ರಗ್ಗು ಸಿಗ್ತದ ಬಿಡು’ ಎಂಬ ಉತ್ತರ ತಯಾರು.

ಅಂಗಡಿಯ ಆ ಅಗ್ಗದ ರಗ್ಗು ಎಲ್ಲಿಯದು? ಹರಿಯಾಣದ ಪಾಣಿಪತ್ತಿನಲ್ಲಿ ದೇಶವಿದೇಶಗಳ ಹಳೇ ಉಣ್ಣೆಬಟ್ಟೆ, ಚಿಂದಿಯನ್ನು ಹರಿದು ನೂಲು ಮಾಡಿ ಕಂಬಳಿ ನೇಯುವ ಉದ್ಯಮ ಹೆಸರುವಾಸಿ. ಅಲ್ಲಿ ಚಿಂದಿಗೆ ಲಾರಿ, ಗೋದಾಮು, ಸಾಲ, ಮಾರ್ಕೆಟ್ಟು ಎಲ್ಲವೂ ಇವೆ. ಇಲ್ಲಿಯ ಚಿಂದಿಗೆ ಇರುವುದು ಗಟಾರು ಮತ್ತು ಬೆಂಕಿಕಡ್ಡಿ.

ಎಲ್ಲ ಚಿಂದಿಯೂ ಒಂದೇ ಅಲ್ಲ

ಹಾಗೆಂದು ಕಂಡ ಕಂಡ ತುಂಡೆಲ್ಲ ಕೌದಿಗೆ ಬರುವುದಿಲ್ಲ. ಈಗಿನ ಬಟ್ಟೆಯಲ್ಲಿ ಪಾಲಿಯೆಸ್ಟರ್‍ದೇ ದರ್ಬಾರು. ಅದು ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಗುರುತಿಸುವುದು ಕಷ್ಟವಲ್ಲ. ಒಂದು ಎಳೆಗೆ ಬೆಂಕಿ ತಾಗಿಸಿದರೆ ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ, ಕರಿಹೊಗೆ ಬಿಡುತ್ತದೆ. ಬೀದಿಯಲ್ಲಿ ಸುಟ್ಟಾಗ ಬಸ್ಸಿನವರ ಗಂಟಲು ಕೆರೆಯುವುದು ಈ ಹೊಗೆಯೇ. ಹತ್ತಿ ಕೌದಿಗಾದರೆ, ಪಾಲಿಯೆಸ್ಟರ್ ಪಟ್ಟಿಗಳನ್ನು ಜಡೆಯಂತೆ ಹೆಣೆದು ಸುರುಳಿ ಸುತ್ತಿ ಹೊಲಿದರೆ ಕಾಲೊರಸಾಯಿತು. ಗಟ್ಟಿ ಪ್ಯಾಂಟಿನ ತುಂಡು ಸಂತೆ ಚೀಲಕ್ಕೆ ಹೇಳಿ ಮಾಡಿಸಿದ್ದು.

ಚೀಲವೆಂದೊಡನೆ ಅಂಗಡಿಕಾರರ ಮಾತು ಬರಲೇಬೇಕು. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಿದ್ದದ್ದು 2016ರ ಮಾರ್ಚಿನಲ್ಲಿ. ಒಮ್ಮೆ ಬಳಸಿ ಬಿಸಾಡುವ ಅನೇಕ ಪ್ಲಾಸ್ಟಿಕ್ ವಸ್ತುಗಳಿಗೆ ದೇಶವಿಡೀ ನಿಷೇಧ ಬಂದದ್ದು 2022ರ ಜುಲೈ 1ರಿಂದ. ಆದರೂ ಗಲ್ಲಾದ ಕೆಳಗಿನಿಂದ ತೆಳು ಚೀಲ ಹೊರಬರುವುದು ನಿಂತಿಲ್ಲ. ‘ಬಟ್ಟೆ ಚೀಲ ಎಲ್ಲಿಂದ ತರೋಣ ಸ್ವಾಮಿ?’ ಎಂಬುದು ಸಿದ್ಧ ಸಬೂಬು. ಎದುರು ಸಾಲಿನ ದರ್ಜಿಯ ಹೊಸ್ತಿಲನ್ನು ನೋಡಿದರೆ ಸಾಕು, ಉತ್ತರ ಅಲ್ಲೇ ಬಿದ್ದಿದೆ.

ಆಗಬೇಕಾದ್ದು ಇಷ್ಟೇ

ಇದಕ್ಕೆ ಸಮಿತಿ ಬೇಡ, ಉದ್ಘಾಟನೆ ಬೇಡ, ಹಾರ ತುರಾಯಿ ಬೇಡವೇ ಬೇಡ. ದರ್ಜಿ ಎರಡು ಗೋಣಿಚೀಲ ಇಟ್ಟುಕೊಳ್ಳಲಿ, ಒಂದು ಹತ್ತಿಗೆ, ಇನ್ನೊಂದು ಉಳಿದದ್ದಕ್ಕೆ. ವಾರಕ್ಕೊಮ್ಮೆ ಓಣಿಯ ಹೊಲಿಗೆ ಹೆಂಗಸರು ಒಯ್ಯಲಿ. ಕಿರಾಣಿ ಅಂಗಡಿಯವರು ನಾಲ್ಕಾರು ಮಂದಿ ಸೇರಿ ಚೀಲಕ್ಕೆ ಮುಂಗಡ ಕೊಟ್ಟು ಹೊಲಿಸಲಿ. ನಗರಸಭೆ ದೊಡ್ಡ ಉಪಕಾರ ಮಾಡುವುದೇನೂ ಬೇಡ. ಸಂತೆಯ ದಿನ ಇವರಿಗೆ ಕೂರಲು ಎರಡು ಮಾರು ಕಟ್ಟೆ ಕೊಟ್ಟು, ಅದಕ್ಕೆ ಬಾಡಿಗೆ ವಸೂಲಿಗೆ ಯಾರನ್ನೂ ಅಟ್ಟದಿದ್ದರೆ ಸಾಕು.

ಎಲ್ಲಕ್ಕಿಂತ ಮೊದಲು ಕೂಲಿಯ ಮಾತು. ಬಟ್ಟೆ ಪುಕ್ಕಟೆ ಸಿಕ್ಕಿತೆಂದು ಹೊಲಿಗೆಯೂ ಪುಕ್ಕಟೆಯಲ್ಲ. ದಿನದ ಲೆಕ್ಕದಲ್ಲಿ ಕೂಲಿ ಕೊಡದಿದ್ದರೆ ಈಗ ಹೊಲಿಯುತ್ತಿರುವ ಅಜ್ಜಿಯರೊಂದಿಗೆ ಈ ವಿದ್ಯೆಯೂ ಹೋಗುತ್ತದೆ. ಮಗಳು ಯಾಕಾದರೂ ಕಲಿತಾಳು? ಆಮೇಲೆ ಕೌದಿ ನೋಡಬೇಕೆಂದರೆ ಪರದೇಶದ ಗೋಡೆಯ ಮೇಲೆ ಹುಡುಕಬೇಕಾದೀತು.

‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಎಂದು ಕೇಳುವುದು ವಾಡಿಕೆ. ಈ ಸಲ ಸಂಬಂಧಪಟ್ಟವರು ಕಚೇರಿಯಲ್ಲಿಲ್ಲ. ಒಮ್ಮೆಯಾದರೂ ಅಂಗಿ ಹೊಲಿಸಿದವರೆಲ್ಲ ಸಂಬಂಧಪಟ್ಟವರೇ.