ತುಂಗೆಯ ನೀರು ಕುಡಿಯಲು ಸಿಹಿ, ಹಾಗಂತ ಕಾರಿನ ರೇಡಿಯೇಟರ್‌ಗೂ ಅದೇ ಸಾಕಾ?

‘ಕೂಲೆಂಟ್ ಬೇಕಿರುವುದು ಹಿಮ ಬೀಳುವ ದೇಶದವರಿಗೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಅದಕ್ಕೆ ದುಡ್ಡು ಹಾಕುವುದು ದಂಡ. ಮನೆಯಲ್ಲೇ ರೇಡಿಯೇಟರ್ ತೊಳೆದು ಒಳ್ಳೆಯ ನೀರು ತುಂಬಿಸಿ.’ ಇಂಥ ಸಲಹೆ ವಾಟ್ಸಾಪ್‌ನಲ್ಲೂ ಗ್ಯಾರೇಜಿನ ಬೆಂಚಿನ ಮೇಲೂ ಆಗಾಗ ಕೇಳಿಬರುತ್ತದೆ. ಶಿವಮೊಗ್ಗ ಸೀಮೆಯಲ್ಲಿ ಈ ಮಾತಿಗೆ ಬಲ ಇನ್ನೂ ಜಾಸ್ತಿ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೆಸರಾದ ಹೊಳೆ ಗಾಜನೂರಿನ ಅಣೆಕಟ್ಟೆಯಲ್ಲಿ ತುಂಬಿ ನಿಂತಿರುವಾಗ, ಡಬ್ಬಿಯ ಬಣ್ಣದ ನೀರಿಗೆ ನೂರಾರು ರೂಪಾಯಿ ಯಾಕೆ ಎಂದು ಯಾರಿಗಾದರೂ ಅನಿಸುವುದು ಸಹಜ.

ಸಲಹೆಯಲ್ಲಿ ಅರ್ಧ ನಿಜವಿದೆ. ಶಾಖ ಹೊತ್ತೊಯ್ಯುವುದರಲ್ಲಿ ನೀರನ್ನು ಮೀರಿಸುವ ಅಗ್ಗದ ದ್ರವ ಇಲ್ಲ. ಕೂಲೆಂಟಿನ ಮುಖ್ಯ ವಸ್ತುವಾದ ಎಥಿಲೀನ್ ಗ್ಲೈಕಾಲ್‌ಗೆ ಈ ಶಕ್ತಿ ನೀರಿನ ಸುಮಾರು ಅರ್ಧದಷ್ಟು ಮಾತ್ರ. ಅದಕ್ಕೇ ಗಟ್ಟಿ ಕೂಲೆಂಟನ್ನು ನೀರು ಬೆರೆಸದೆ ಸುರಿದರೆ ಎಂಜಿನ್ ಹೆಚ್ಚು ತಂಪಾಗುವುದಿಲ್ಲ, ಬಿಸಿಯೇ ಜಾಸ್ತಿಯಾಗುತ್ತದೆ. ಸಾಮಾನ್ಯವಾಗಿ ಎರಡನ್ನೂ ಸಮಸಮ ಬೆರೆಸುತ್ತಾರೆ.

ಹೆಪ್ಪುಗಟ್ಟದಂತೆ ತಡೆಯುವುದು ಗ್ಲೈಕಾಲಿನ ಒಂದು ಕೆಲಸ. ಮಲೆನಾಡಿನಲ್ಲಿ ಅದು ಬೇಡ, ಒಪ್ಪೋಣ. ಆದರೆ ಅದು ಕುದಿಯುವ ಮಟ್ಟವನ್ನೂ ಏರಿಸುತ್ತದೆ. ರೇಡಿಯೇಟರ್ ಮುಚ್ಚಳ ಒಳಗೆ ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ಸಮಸಮ ಮಿಶ್ರಣ 130 ಡಿಗ್ರಿಯ ಹತ್ತಿರ. ಆ ಹತ್ತು ಡಿಗ್ರಿ ಶಿವಮೊಗ್ಗ ಪೇಟೆಯೊಳಗೆ ಓಡಾಡುವಾಗ ಲೆಕ್ಕಕ್ಕೆ ಬರದೆ ಇರಬಹುದು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಬರುತ್ತದೆ. ತುಂಬಿದ ಕಾರು, ಎಸಿ, ಒಂದನೇ ಎರಡನೇ ಗೇರು, ಮುಂದೊಂದು ಬಸ್ಸು. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ರೇಡಿಯೇಟರ್‌ಗೆ ಬಡಿಯುವ ಗಾಳಿ ಮಾತ್ರ ಇರುವುದಿಲ್ಲ.

ಇವೆರಡಕ್ಕಿಂತ ನಮಗೆ ಮುಖ್ಯವಾದದ್ದು ಮೂರನೆಯ ಕೆಲಸ, ತುಕ್ಕು ತಡೆಯುವುದು. ಎಂಜಿನ್ನಿನ ನೀರಿನ ದಾರಿಯಲ್ಲಿ ಬೀಡುಕಬ್ಬಿಣ, ಅಲ್ಯುಮಿನಿಯಂ, ಕೆಲವು ಕಾರುಗಳಲ್ಲಿ ತಾಮ್ರ, ಹಿತ್ತಾಳೆ ಎಲ್ಲ ಒಂದೇ ನೀರಿಗೆ ಮೈಯೊಡ್ಡಿರುತ್ತವೆ. ಬೇರೆ ಬೇರೆ ಲೋಹಗಳು ಒಂದೇ ದ್ರವದಲ್ಲಿ ಕೂತರೆ ಅದು ಸಣ್ಣ ಬ್ಯಾಟರಿಯಂತೆ ವರ್ತಿಸಿ ಒಂದು ಲೋಹವನ್ನು ತಿನ್ನತೊಡಗುತ್ತದೆ. ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯವರಿಗೆ ತುಕ್ಕು ಏನೆಂದು ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಬಿಸಿಯಲ್ಲಿ, ಕಾಣದ ಜಾಗದಲ್ಲಿ ಹಿಡಿಯುತ್ತದೆ. ಕೂಲೆಂಟಿನಲ್ಲಿರುವ ರಾಸಾಯನಿಕಗಳು ಲೋಹದ ಮೇಲೆ ತೆಳುವಾದ ರಕ್ಷಣೆ ಕಟ್ಟಿ ಇದನ್ನು ತಡೆಯುತ್ತವೆ. ಹೊಳೆನೀರು ಎಷ್ಟೇ ಮೆದುವಾಗಿದ್ದರೂ ಈ ರಕ್ಷಣೆ ಅದರಲ್ಲಿಲ್ಲ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ. ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಈ ರಾಸಾಯನಿಕಗಳು ಕಾಲಕ್ರಮದಲ್ಲಿ ಖಾಲಿಯಾಗುತ್ತವೆ. ಗ್ಲೈಕಾಲ್ ಹಾಗೇ ಇರುತ್ತದೆ, ಬಣ್ಣವೂ ಚೆನ್ನಾಗಿಯೇ ಕಾಣಬಹುದು. ಹಾಗಾಗಿ ಬಣ್ಣ ನೋಡಿ ನಿರ್ಧರಿಸಬೇಡಿ, ಕಾರಿನ ಜೊತೆ ಕೊಟ್ಟ ಪುಸ್ತಕದ ಅವಧಿ ನೋಡಿ. ಹಸಿರು ಒಂದು ಜಾತಿ, ಕೆಂಪು ಇನ್ನೊಂದು ಎಂಬುದೂ ನಂಬುವ ಮಾತಲ್ಲ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ.

ಮನೆಯಲ್ಲಿ ಬದಲಿಸಬಹುದೇ?

ಬದಲಿಸಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರಿಗೆ ಅರ್ಧ ದಿನದ ಕೆಲಸ. ರಾತ್ರಿಯಿಡೀ ತಣ್ಣಗಾದ ಎಂಜಿನ್, ಸಮತಟ್ಟಾದ ನೆಲ, ಕೀಲಿ ಜೇಬಿನಲ್ಲಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನೇ ತಿರುಗುತ್ತದೆ, ಕೈ ಜೋಪಾನ. ಕೆಳಗಿನ ಡ್ರೈನ್ ಪ್ಲಗ್ ಅಥವಾ ಕೆಳಗಿನ ಹೋಸ್ ಬಿಚ್ಚಿ ಹಳೆಯದನ್ನು ಅಗಲವಾದ ಪಾತ್ರೆಗೆ ಹಿಡಿಯಿರಿ. ಪ್ಲಗ್ ಹಾಕಿ ಡಿಸ್ಟಿಲ್ಡ್ ನೀರು ತುಂಬಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಹೋಸ್ ಬಿಸಿಯಾಯಿತು ಎಂದರೆ ಥರ್ಮೋಸ್ಟಾಟ್ ತೆರೆದು ನೀರು ಎಲ್ಲ ಕಡೆ ಸುತ್ತುತ್ತಿದೆ ಎಂದರ್ಥ. ಮತ್ತೆ ಪೂರ್ತಿ ತಣ್ಣಗಾಗಲು ಬಿಟ್ಟು ಖಾಲಿ ಮಾಡಿ. ಬರುವ ನೀರು ತಿಳಿಯಾಗುವವರೆಗೆ ಇದೇ ಕ್ರಮ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ನೀರು ಸಾಕು. ಬ್ಯಾಟರಿ ಆಸಿಡ್ ಬೇರೆ, ಡಬ್ಬಿಯ ಹೆಸರು ಓದಿ ತನ್ನಿ.

ಇಲ್ಲೊಂದು ಲೆಕ್ಕ ಬಹಳ ಜನಕ್ಕೆ ತಪ್ಪುತ್ತದೆ. ಪ್ಲಗ್ ಬಿಚ್ಚಿದರೆ ಎಲ್ಲ ನೀರೂ ಇಳಿಯುವುದಿಲ್ಲ, ಎಂಜಿನ್ನಿನೊಳಗೆ ಉಳಿಯುತ್ತದೆ. ಒಟ್ಟು 5 ಲೀಟರ್ ಹಿಡಿಯುವ ಕಾರಿನಿಂದ 3 ಲೀಟರ್ ಇಳಿದಿದೆ ಅಂದುಕೊಳ್ಳಿ. ಒಳಗೆ 2 ಲೀಟರ್ ಬರೀ ನೀರಿದೆ. ಅದರ ಮೇಲೆ ರೆಡಿಮಿಕ್ಸ್ ಕೂಲೆಂಟ್ 3 ಲೀಟರ್ ಹಾಕಿದರೆ ಗ್ಲೈಕಾಲ್ 50ರ ಬದಲು 30 ಶೇಕಡಕ್ಕೆ ಇಳಿಯಿತು, ತುಕ್ಕು ತಡೆಯುವ ಔಷಧವೂ ಅಷ್ಟೇ ತೆಳುವಾಯಿತು. ಗಟ್ಟಿ ಕೂಲೆಂಟ್ ಎರಡೂವರೆ ಲೀಟರ್ ಮೊದಲು ಹಾಕಿ, ಉಳಿದ ಅರ್ಧ ಲೀಟರ್ ನೀರು ತುಂಬಿಸಿದರೆ ಸರಿಹೋಗುತ್ತದೆ.

ತೊಳೆಯಲು ಟಾಯ್ಲೆಟ್ ಕ್ಲೀನರ್ ಹಾಕಿ ಎನ್ನುವ ವಿಡಿಯೊಗಳನ್ನು ನಂಬಬೇಡಿ. ಅಂಥ ಹಲವು ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ, ಅದು ಕೊಳೆಯ ಜೊತೆ ಅಲ್ಯುಮಿನಿಯಂ ಅನ್ನೂ ಕರಗಿಸುತ್ತದೆ. ಸೋರುವ ರೇಡಿಯೇಟರ್‌ಗೆ ಅರಿಶಿನ ಪುಡಿ ಸುರಿಯುವುದು ಲಾರಿಯವರ ಹಳೆಯ ಉಪಾಯ. ನಡುದಾರಿಯಲ್ಲಿ ಊರು ಮುಟ್ಟಿಸಿದ್ದೂ ಉಂಟು. ಆದರೆ ತೂತು ಮುಚ್ಚುವ ಪುಡಿಗೆ ಒಳ್ಳೆಯ ಕೊಳವೆ ಯಾವುದು ಎಂದು ಗೊತ್ತಾಗುವುದಿಲ್ಲ. ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡಿ’ ಎನ್ನುವುದೂ ಹೀಗೆಯೇ. ಅದಿಲ್ಲದ ಎಂಜಿನ್ ಬೇಕಾದ ಬಿಸಿಗೆ ಬರಲು ತಡಮಾಡುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ನಿಜವಾದ ಅಪಾಯ ಎಲ್ಲಿ?

ಕಾರು ಕೆಡುವುದು ದೊಡ್ಡ ಮಾತಲ್ಲ. ಮೈ ಸುಡುವುದು ದೊಡ್ಡ ಮಾತು. ಘಾಟಿಯಲ್ಲಿ ಹೊಗೆ ಕಂಡ ಕೂಡಲೇ ಮುಚ್ಚಳ ತಿರುಗಿಸಿದರೆ, ಒತ್ತಡದಲ್ಲಿ 110 ಡಿಗ್ರಿಯಲ್ಲೂ ಕುದಿಯದೆ ನಿಂತಿದ್ದ ನೀರು ಒಮ್ಮೆಲೇ ಆವಿಯಾಗುತ್ತದೆ. ಒಂದು ಪಾಲು ನೀರು ಸಾವಿರದ ಆರುನೂರು ಪಾಲಿಗೂ ಹೆಚ್ಚು ಆವಿಯಾಗಿ ಹಿಗ್ಗುತ್ತದೆ, ಮುಖ ಕೈ ಎಲ್ಲ ಬೇಯುತ್ತದೆ. ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕಾಯಿರಿ. ಗಂಟೆಯೇ ಬೇಕಾಗಬಹುದು. ಕಾದ ಎಂಜಿನ್‌ಗೆ ತಣ್ಣೀರು ಹೊಯ್ದರೆ ಹೆಡ್ ಸೀಳಬಹುದು.

ಇನ್ನೊಂದು, ಇಳಿಸಿದ ಹಳೆಯ ಕೂಲೆಂಟ್. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಅಂಗಳದಲ್ಲಿ ತೆರೆದಿಟ್ಟ ಬೋಗುಣಿಗೆ ನಾಯಿ ಬಾಯಿ ಹಾಕುತ್ತದೆ, ಬಣ್ಣ ನೋಡಿ ಮಗು ಶರಬತ್ತು ಅಂದುಕೊಳ್ಳುತ್ತದೆ. ಸುಮಾರು 100 ಮಿಲಿಲೀಟರ್ ಗ್ಲೈಕಾಲ್ ದೊಡ್ಡವರ ಪ್ರಾಣವನ್ನೇ ತೆಗೆಯಬಲ್ಲದು. ಮಗುವಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ದೇಹ ಇದನ್ನು ಆಕ್ಸಾಲಿಕ್ ಆಮ್ಲವಾಗಿ ಬದಲಿಸುತ್ತದೆ, ಅದರ ಹರಳುಗಳು ಮೂತ್ರಪಿಂಡದಲ್ಲಿ ಕೂರುತ್ತವೆ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿಗೆ ತಳುಕು ಹಾಕಿಕೊಂಡ ಕೆಮ್ಮಿನ ಸಿರಪ್‌ಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎತ್ತಿ ತೋರಿಸಿದ ಎರಡು ವಿಷಗಳಲ್ಲಿ ಒಂದು ಇದೇ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ‘ಈಗ ಚೆನ್ನಾಗಿದ್ದಾನಲ್ಲ’ ಎಂದು ಕಾಯಬೇಡಿ. ಮೊದಲ ಕೆಲವು ಗಂಟೆ ಅಮಲೇರಿದಂತೆ ಮಾತ್ರ ಕಾಣುತ್ತದೆ. ಡಬ್ಬಿಯ ಸಮೇತ ದೊಡ್ಡ ಆಸ್ಪತ್ರೆಗೆ ಓಡಿ. ಇದಕ್ಕೆ ಪ್ರತಿವಿಷವಿದೆ, ಬೇಗ ಸಿಕ್ಕರೆ ಮಾತ್ರ ಕೆಲಸ ಮಾಡುತ್ತದೆ.

ಹಳೆಯದನ್ನು ಚರಂಡಿಗೆ, ತೋಟಕ್ಕೆ, ಹೊಳೆದಂಡೆಗೆ ಚೆಲ್ಲಬೇಡಿ. ಗಾಜನೂರಿನಲ್ಲಿ ತುಂಗೆಗೆ ಬಿದ್ದದ್ದು ಹರಿದು ಹೋಗುವುದು ಅದೇ ನೀರು ಕುಡಿಯುವ ಶಿವಮೊಗ್ಗದ ಕಡೆಗೇ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮೇಲೆ ‘ವಿಷ’ ಎಂದು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿನಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ ಕೊಡಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಬೇಡಿ.

ಹೊಸದು ತುಂಬಿದ ಮೇಲೆ ಮೊದಲ ನಾಲ್ಕೈದು ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ರಿಸರ್ವ್ ಡಬ್ಬಿಯ ಮಟ್ಟ ನೋಡಿ. ಸಿಕ್ಕಿಕೊಂಡಿದ್ದ ಗಾಳಿ ಹೊರಬಂದು ಒಂದೆರಡು ಸಲ ಸ್ವಲ್ಪ ಇಳಿಯುತ್ತದೆ, ಅದು ಸಾಮಾನ್ಯ. ಎಲ್ಲೂ ಸೋರಿಕೆ ಕಾಣದೆ ದಿನವೂ ಇಳಿಯುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಂದಾಚೆಗಿನದು ಮೆಕ್ಯಾನಿಕ್ ಕೆಲಸ.